ಹದಿನಾಲ್ಕರಲ್ಲಿ ಒಂದು ಸೀಟು

ಜನ ಆರಿಸಿ ಕಳಿಸಿದವರು ಮಾಡಿದ ಕಾನೂನನ್ನು, ಯಾರೂ ಮತ ಹಾಕಿ ಆರಿಸದ ನ್ಯಾಯಾಧೀಶರು ರದ್ದು ಮಾಡುವುದು ಸರಿಯೇ? ಜುಮಾ ನಮಾಝ್ ಮುಗಿದ ಮೇಲೆ ಓದಿದ ಹುಡುಗರು ನಮ್ಮನ್ನು ಆಗಾಗ ಹೀಗೆ ಕೇಳುತ್ತಾರೆ. ತೀರ್ಪು ನಮ್ಮ ಪರವಾಗಿ ಬಂದ ವಾರ ಕೋರ್ಟು ದೊಡ್ಡದಾಗುತ್ತದೆ, ವಿರುದ್ಧ ಬಂದ ವಾರ ಬಹುಮತ ದೊಡ್ಡದಾಗುತ್ತದೆ. ನಮ್ಮ ಜಿಲ್ಲೆಯ ಹಳೆಯ ಸಂಗತಿಯೊಂದನ್ನು ಇದಕ್ಕಾಗಿ ನೆನಪಿಸಿಕೊಳ್ಳೋಣ.

1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿತ್ತು. ಸಿರುಗುಪ್ಪದ, ಕುರುಗೋಡಿನ ಹುಡುಗ ಡಾಕ್ಟರ್ ಆಗಬೇಕೆಂದರೆ ದೂರದ ಊರಿಗೇ ಹೋಗಬೇಕಿತ್ತು. ಬಳ್ಳಾರಿಗೆ ಮೆಡಿಕಲ್ ಕಾಲೇಜು ಬಂದದ್ದು 1961ರಲ್ಲಿ. ಆಗ ಮದ್ರಾಸ್ ಸರ್ಕಾರದ ಕಾಲೇಜುಗಳಲ್ಲಿ 'ಕಮ್ಯುನಲ್ ಜಿ.ಒ.' ಎಂಬ ಆದೇಶದ ಪ್ರಕಾರ ಸೀಟು ಹಂಚುತ್ತಿದ್ದರು. ಜಸ್ಟಿಸ್ ಪಕ್ಷದ ಕಾಲದಿಂದ ಬಂದ ಪದ್ಧತಿ ಅದು. ಪ್ರತಿ 14 ಸೀಟುಗಳಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಕ್ರೈಸ್ತರಿಗೂ ಆಂಗ್ಲೋ ಇಂಡಿಯನ್ನರಿಗೂ ಸೇರಿ 1, ಮುಸ್ಲಿಮರಿಗೆ 1.

ಚಂಪಕಂ ದೊರೈರಾಜನ್ ಎಂಬ ಬ್ರಾಹ್ಮಣ ಮಹಿಳೆ ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಿದರು. ಹೈಕೋರ್ಟು ಅವರ ಮಾತು ಒಪ್ಪಿತು. 1951ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರೂ ಒಪ್ಪಿದರು: ಜಾತಿ, ಧರ್ಮ ಮಾತ್ರ ನೋಡಿ ಸರ್ಕಾರಿ ಕಾಲೇಜಿನ ಬಾಗಿಲು ಮುಚ್ಚುವಂತಿಲ್ಲ ಎಂದು. ಸಂವಿಧಾನದ 29(2)ನೇ ವಿಧಿಯ ಮಾತು ಕೂಡ ಅದೇ. ಆ ಒಂದೇ ತೀರ್ಪಿನಿಂದ ನಮ್ಮ ಒಂದು ಸೀಟೂ ಹೋಯಿತು, ದಲಿತರ ಎರಡೂ ಹೋದವು.

ಮದ್ರಾಸಿನಲ್ಲಿ ದೊಡ್ಡ ಗದ್ದಲವೆದ್ದಿತು. ಎರಡೂವರೆ ತಿಂಗಳೊಳಗೆ, ಜೂನ್ 18ರಂದು, ಸಂವಿಧಾನದ ಮೊದಲ ತಿದ್ದುಪಡಿ ಜಾರಿಗೆ ಬಂತು. ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರಿಗೆ ವಿಶೇಷ ಏರ್ಪಾಡು ಮಾಡಬಹುದು ಎನ್ನುವ 15(4) ಆಗ ಸೇರಿದ್ದು. (ಇದನ್ನು ಮಾಡಿದ ಸಂಸತ್ತನ್ನೂ ಜನ ನೇರವಾಗಿ ಆರಿಸಿರಲಿಲ್ಲ. ಮೊದಲ ಮಹಾಚುನಾವಣೆ ಶುರುವಾದದ್ದು ಆ ಅಕ್ಟೋಬರ್‌ನಲ್ಲಿ.) ಹೊಸ ವಿಧಿ ಧರ್ಮದ ಹೆಸರಿನಲ್ಲಿ ಸೀಟು ಕೊಡಲಿಲ್ಲ, ಹಿಂದುಳಿದಿರುವಿಕೆಯನ್ನು ಅಳತೆಗೋಲು ಮಾಡಿತು. ಕೋರ್ಟು ಅಡ್ಡಿ ಬಂದದ್ದರಿಂದಲೇ ಆ ಅಳತೆಗೋಲು ಸಂವಿಧಾನದಲ್ಲಿ ಬರೆಯಲ್ಪಟ್ಟಿತು ಎಂಬುದು ನಮ್ಮ ಅಭಿಪ್ರಾಯ. ಸೀಟು ಕಳೆದುಕೊಂಡ ಆ ವರ್ಷದ ಹುಡುಗನಿಗೆ ಇದು ಸಮಾಧಾನವಲ್ಲ, ನಿಜ.

ಹಾಗಾದರೆ ಸಂಸತ್ತಿನ ಬಹುಮತ ಏನು ಬೇಕಾದರೂ ತಿದ್ದಬಹುದೇ? ಇದಕ್ಕೆ ಉತ್ತರ ಬಂದದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯಲ್ಲಿ, 1973ರ ಏಪ್ರಿಲ್ 24ರಂದು. ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು 13 ನ್ಯಾಯಾಧೀಶರಲ್ಲಿ 7 ಮಂದಿ ಹೇಳಿದರು. ಒಬ್ಬರದೇ ಅಂತರ!

ಅಂಥ ತಡೆ ಇಲ್ಲದ ಕಡೆ ಏನಾಗುತ್ತದೆ? ಸ್ವಿಟ್ಜರ್ಲೆಂಡಿನಲ್ಲಿ 2009ರ ನವೆಂಬರ್ 29ರಂದು ಜನರೇ ನೇರವಾಗಿ ಮತ ಹಾಕಿ ಹೊಸ ಮಿನಾರ್ ಕಟ್ಟಬಾರದೆಂದು ತೀರ್ಮಾನಿಸಿದರು. ಪರವಾಗಿ ಬಿದ್ದದ್ದು ಶೇ. 57.5 ಮತ. ಆಗ ಇಡೀ ದೇಶದಲ್ಲಿದ್ದ ಮಿನಾರ್‌ಗಳು ನಾಲ್ಕೇ. ಆ ನಿಷೇಧ ನೇರವಾಗಿ ಸಂವಿಧಾನದೊಳಗೇ ಸೇರಿತು, ಅಲ್ಲಿನ ಕೋರ್ಟು ಅದನ್ನು ತೆಗೆದುಹಾಕಲಿಲ್ಲ. ಯುರೋಪಿನ ಮಾನವ ಹಕ್ಕು ನ್ಯಾಯಾಲಯದ ಬಾಗಿಲು ಬಡಿದವರ ಅರ್ಜಿಯೂ 2011ರಲ್ಲಿ ವಿಚಾರಣೆಗೆ ಬರದೆ ಹಿಂದಿರುಗಿತು.

ನಮ್ಮಲ್ಲಿ 1995ರಲ್ಲಿ ಬಂದ 2ಬಿ ವರ್ಗದ ಶೇ. 4 ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ ಆಗಿನ ರಾಜ್ಯ ಸರ್ಕಾರ ರದ್ದು ಮಾಡಿದಾಗ ನಮ್ಮವರು ಹೋದದ್ದು ಸುಪ್ರೀಂ ಕೋರ್ಟಿಗೆ. ಮುಂದಿನ ತಿಂಗಳು ಸರ್ಕಾರವೇ ಸದ್ಯಕ್ಕೆ ಆ ಆದೇಶ ಜಾರಿ ಮಾಡುವುದಿಲ್ಲ ಎಂದು ಅಲ್ಲಿ ಮಾತು ಕೊಟ್ಟಿತು. ಅಲ್ಲಿ ನಮ್ಮವರು ಕೇಳಿದ್ದು ಧರ್ಮಕ್ಕೊಂದು ಸೀಟನ್ನಲ್ಲ. ನಾವು ಹಿಂದುಳಿದವರೋ ಅಲ್ಲವೋ, ಲೆಕ್ಕ ತೋರಿಸಿ ಎಂದು ಕೇಳಿದರು. ಹಾಗೆ ಕೇಳಲು 15(4) ಬೇಕಿತ್ತು.