ಪಾವಗಡಕ್ಕೆ ಫೋನು ಬಂದ ದಾರಿ

1998ರ ಬೇಸಿಗೆಯಲ್ಲಿ ನಮ್ಮ ತಾತ ತೀರಿಕೊಂಡರು. ಹಿಂದಿನ ವರ್ಷ ಮಳೆ ಕೈಕೊಟ್ಟು ಕಡಲೆಕಾಯಿ ಬೆಳೆ ಹೋಗಿತ್ತು. ಅಪ್ಪ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದರು. ಅವರಿಗೆ ಸುದ್ದಿ ಮುಟ್ಟಿಸಲು ನಮ್ಮಲ್ಲಿದ್ದದ್ದು ಕಟ್ಟಡದ ಎದುರಿನ ಬೇಕರಿಯೊಂದರ ನಂಬರು ಮಾತ್ರ. ಚಿಕ್ಕಪ್ಪ ಸೈಕಲ್ ತುಳಿದುಕೊಂಡು ಪಾವಗಡದ ಎಸ್‌ಟಿಡಿ ಬೂತಿಗೆ ಹೋಗಿ ಫೋನ್ ಮಾಡಿದರು. ಬೇಕರಿಯಲ್ಲಿ ಫೋನ್ ತೆಗೆದವರು ಯಾರಿಗೋ ಹೇಳಿದರಂತೆ, ಅವರು ಮರೆತರಂತೆ. ಅಪ್ಪ ಊರು ಸೇರಿದ್ದು ಮಣ್ಣು ಮಾಡಿದ ಮಾರನೆಯ ದಿನ. ನಾನಾಗ ಐದನೇ ತರಗತಿ. ಸುವರ್ಣ ಮಹೋತ್ಸವದ ಸಂಪುಟಕ್ಕೆ ಏನಾದರೂ ಬರೆಯಿರಿ ಎಂದು ಮೇಷ್ಟ್ರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಇದೇ.

ನಮ್ಮ ಶಾಲೆ ಶುರುವಾದ ಕಾಲದಲ್ಲಿ ದೂರದ ಊರಿಗೆ ಮಾತನಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಅವಸರ ಹೆಚ್ಚಿದಷ್ಟೂ ದರವೂ ಹೆಚ್ಚು. ಹಳ್ಳಿಗೆ ಫೋನು ತರುವ ದಾರಿ ತೆರೆದದ್ದು ನಮ್ಮ ಕರ್ನಾಟಕದಲ್ಲೇ ಎಂಬುದು ಅನೇಕರಿಗೆ ತಿಳಿಯದು. ಸ್ಯಾಮ್ ಪಿತ್ರೋಡಾ ಅವರ ಪ್ರಯತ್ನದಿಂದ 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ, ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜನ್ನು ರೂಪಿಸಿತು. 1986ರಲ್ಲಿ ಅದು ಮೊದಲು ಕೆಲಸ ಆರಂಭಿಸಿದ್ದು ಕಿತ್ತೂರಿನಲ್ಲಿ. 128 ಪೋರ್ಟ್‌ಗಳ ಆ ಚಿಕ್ಕ ಯಂತ್ರಕ್ಕೆ ಎ.ಸಿ. ಕೋಣೆ ಬೇಕಿರಲಿಲ್ಲ, ನಮ್ಮ ಧೂಳು, ಬಿಸಿಲನ್ನು ತಡೆಯುವಂತೆಯೇ ಅದನ್ನು ಕಟ್ಟಿದ್ದರು. ಪೇಟೆಯ ಯಂತ್ರವನ್ನು ತಂದು ಹಳ್ಳಿಯಲ್ಲಿಟ್ಟದ್ದಲ್ಲ, ಹಳ್ಳಿಗೆಂದೇ ಮಾಡಿದ್ದು. ಇಂಜಿನಿಯರ್ ಆದ ಮೇಲೆ ಈ ಮಾತಿನ ಬೆಲೆ ನನಗೆ ಅರ್ಥವಾಯಿತು. ಅದರ ಬೆನ್ನಿಗೇ ಹಳದಿ ಬಣ್ಣದ ಎಸ್‌ಟಿಡಿ ಬೂತುಗಳು ಬಂದವು.

ಮೊಬೈಲ್ ಭಾರತಕ್ಕೆ ಬಂದದ್ದು 1995ರ ಜುಲೈ 31ರಂದು. ಅಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರೊಡನೆ ಮಾತನಾಡಿದರು. ಆಗ ನಿಮಿಷಕ್ಕೆ 16 ರೂಪಾಯಿಯವರೆಗೂ ದರವಿತ್ತು. ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಕೂಲಿಯವನಿಗೆ ಅದು ಕನಸಿನ ಮಾತು.

ಬದಲಾವಣೆ ತಂದದ್ದು ಕಡಿಮೆ ಬೆಲೆಯ ಹ್ಯಾಂಡ್‌ಸೆಟ್ ಒಂದೇ ಅಲ್ಲ. 2003ರ ಮೇ ತಿಂಗಳಲ್ಲಿ ಕರೆ ಮಾಡಿದವರೇ ಹಣ ಕೊಡುವ ಪದ್ಧತಿ ಜಾರಿಗೆ ಬಂದು, ಒಳಬರುವ ಕರೆ ಉಚಿತವಾಯಿತು. ಜೇಬಿನಲ್ಲಿ ಒಂದು ರೂಪಾಯಿ ಕರೆನ್ಸಿ ಇಲ್ಲದವನನ್ನೂ ಇನ್ನು ಮುಂದೆ ಕರೆಯಬಹುದಿತ್ತು. ಅದೇ ವರ್ಷ ಬಂದ ನೋಕಿಯಾ 1100 ಫೋನಿನಲ್ಲಿ ಟಾರ್ಚ್ ಇತ್ತು. ರಾತ್ರಿ ಕರೆಂಟು ಬಂದಾಗ ಮೋಟಾರು ಹಾಕಲು ಹೋಗುವ ರೈತನಿಗೆ ಅದು ಫೋನೂ ಹೌದು, ಬ್ಯಾಟರಿಯೂ ಹೌದು. 2005ರಲ್ಲಿ ಅಪ್ಪ ಸೆಕೆಂಡ್‌ಹ್ಯಾಂಡ್ ಫೋನ್ ಕೊಂಡರು. ಒಂದು ಮಿಸ್ಡ್ ಕಾಲ್ ಎಂದರೆ 'ಸೇರಿದೆ', ಎರಡು ಎಂದರೆ 'ನೀವೇ ಮಾಡಿ'. ದುಡ್ಡಿಲ್ಲದವರು ಕಂಡುಕೊಂಡ ತಂತಿ ಭಾಷೆ ಅದು.

ನಮ್ಮ ತಾಲ್ಲೂಕಿಗೆ ಮಾತ್ರ ಬೇರೆಯದೇ ಒಂದು ತೊಡಕಿತ್ತು. ಪಾವಗಡದ ಬಹುಪಾಲು ಗಡಿ ಆಂಧ್ರಕ್ಕೇ ಅಂಟಿಕೊಂಡಿದೆ. ಮನೆಯೊಳಗೆ ಕನ್ನಡ, ಜಗಲಿಗೆ ಬಂದರೆ ತೆಲುಗು ಎಂಬುದು ನಮಗೆ ಹೊಸತಲ್ಲ. ಆದರೆ ಫೋನೂ ಹಾಗೇ ಮಾಡತೊಡಗಿತು! ಒಳಮನೆಯಲ್ಲಿ ಕರ್ನಾಟಕದ ಟವರು, ಹೊಲದ ಬದುವಿನಲ್ಲಿ ಆಂಧ್ರದ ಟವರು. ಟೆಲಿಕಾಂ ವೃತ್ತ ಬದಲಾದರೆ ರೋಮಿಂಗ್. ಬಂದ ಕರೆಗೂ ಹಣ ಕಟ್. ತಮ್ಮ ಹೊಲದಲ್ಲೇ ನಿಂತು ಪರಊರಿನವರಾದ ಅಮ್ಮ, ಕರೆ ಬಂದರೆ ಎತ್ತದೆ ಬೇವಿನ ಮರದವರೆಗೆ ಓಡುತ್ತಿದ್ದರು. ಈ ಕಾಟ ತಪ್ಪಿದ್ದು 2016ರ ಸೆಪ್ಟೆಂಬರ್‌ನಲ್ಲಿ ಜಿಯೋ 4ಜಿ ಬಂದು, ಪೈಪೋಟಿಯಲ್ಲಿ ಎಲ್ಲರೂ ರೋಮಿಂಗ್ ದರ ಕೈಬಿಟ್ಟ ಮೇಲೆ.

ಹಾಗಾದರೆ ಫೋನು ಎಲ್ಲರಿಗೂ ತಲುಪಿತೇ? 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ನಮ್ಮ ಅಕ್ಕನ ಮಗಳು ಎಂಟನೇ ತರಗತಿ. ಮನೆಯಲ್ಲಿದ್ದದ್ದು ಒಂದೇ ಸ್ಮಾರ್ಟ್‌ಫೋನ್, ಅದು ಭಾವನ ಜೇಬಿನಲ್ಲಿ. ಅವರು ಕೆಲಸದಿಂದ ಬರುವಷ್ಟರಲ್ಲಿ ರಾತ್ರಿ ಎಂಟು. ಪಾಠ ಬೆಳಿಗ್ಗೆಯೇ ಮುಗಿದಿರುತ್ತಿತ್ತು. ಬಂದ ಫೋನು ಮೊದಲು ಅವಳ ತಮ್ಮನ ಕೈಗೆ ಹೋಗುತ್ತಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ತಾವೇ ಬಳಸುವ ಸ್ವಂತ ಮೊಬೈಲ್ ಇದ್ದ ಮಹಿಳೆಯರು 100ಕ್ಕೆ 54 ಮಾತ್ರ. ಟವರಿನ ಲೆಕ್ಕ ಬೇರೆ, ಕೈಗಳ ಲೆಕ್ಕ ಬೇರೆ.

1998ರಲ್ಲೂ ಫೋನು ಇತ್ತು. ಬೂತಿನಲ್ಲಿತ್ತು, ಬೇಕರಿಯಲ್ಲಿತ್ತು. ಅಪ್ಪನ ಕೈಯಲ್ಲಿರಲಿಲ್ಲ, ಅಷ್ಟೇ. ಇಪ್ಪತ್ತೆರಡು ವರ್ಷದ ನಂತರ ಅದೇ ಮನೆತನದ ಹುಡುಗಿಗೂ ಆದದ್ದು ಅದೇ.

ನಾವು ಹಳೆಯ ವಿದ್ಯಾರ್ಥಿಗಳು ಎರಡು ಮೂರು ವರ್ಷಕ್ಕೊಮ್ಮೆ ಫೋನು ಬದಲಿಸುತ್ತೇವೆ. ಸುಸ್ಥಿತಿಯಲ್ಲಿರುವ ಹಳೆಯ ಫೋನುಗಳನ್ನು ಶಾಲೆಯ ಗ್ರಂಥಾಲಯಕ್ಕೆ ಕೊಟ್ಟರೆ, ಪುಸ್ತಕದಂತೆಯೇ ಹೆಸರು ಬರೆಸಿ ಮಕ್ಕಳು ಪಡೆಯಬಹುದು. ಹೆಣ್ಣುಮಕ್ಕಳ ಹೆಸರು ಮೊದಲು ಬರಲಿ. ನನ್ನ ಪಾಲಿನ ಎರಡು ಫೋನುಗಳನ್ನು ಈ ಸಮಾರಂಭದ ದಿನ ತಂದು ಒಪ್ಪಿಸುತ್ತೇನೆ.