ಪಟೇಲರ ಮನೆಯಿಂದ ಕಂಡ ಊರು

ಎಚ್.ವಿ. ನಂಜುಂಡಯ್ಯನವರು ಆರಂಭಿಸಿ, ಅವರ ಕಾಲಾನಂತರ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು 1928ರಿಂದ 1935ರ ಅವಧಿಯಲ್ಲಿ ನಾಲ್ಕು ಸಂಪುಟಗಳಾಗಿ ಹೊರತಂದ ಮೈಸೂರು ಸಂಸ್ಥಾನದ ಜಾತಿ-ಬುಡಕಟ್ಟುಗಳ ಸಮೀಕ್ಷೆಗೆ, ಮದುವೆ, ಸೂತಕ, ಕುಲದೇವರುಗಳ ವಿವರವೇ ಮುಖ್ಯವಾಗಿತ್ತು. ಆ ವಿವರವನ್ನು ಯಾರು, ಯಾರ ಜಗಲಿಯ ಮೇಲೆ ಕುಳಿತು ಬರೆದುಕೊಂಡರೆಂಬುದು ಆ ಕಾಲದ ವಿದ್ವತ್ತಿಗೆ ದೊಡ್ಡ ಪ್ರಶ್ನೆಯಾಗಿರಲಿಲ್ಲ. ಸಂಶೋಧಕನು ಜನರ ನಡುವೆ ದೀರ್ಘಕಾಲ ನೆಲೆಸಿ ನೋಡಿ, ಕೇಳಿ ಬರೆಯುವ ಕ್ಷೇತ್ರಕಾರ್ಯವು ಕನ್ನಡ ನಾಡಿನಲ್ಲಿ ಬೇರೂರಿದ ಮೇಲೆ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದು ಕಷ್ಟವಾಯಿತು.

ಮೈಸೂರಿನ ಅಯ್ಯಂಗಾರ್ ಕುಟುಂಬದಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿದ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ಕೊಡಗಹಳ್ಳಿಗೆ ಹೋಗಿ, ಒಕ್ಕಲಿಗರ ಪ್ರಾಬಲ್ಯವಿದ್ದ ಆ ಊರಿನ ಪಟೇಲರಿಗೆ ಸೇರಿದ, ಎತ್ತುಗಳನ್ನು ಕಟ್ಟುತ್ತಿದ್ದ ಮನೆಯಲ್ಲಿ ಬಿಡಾರ ಹೂಡಿದರು. ಸ್ನಾನವಾದ ಮೇಲೆ ಕ್ಷೌರ ಮಾಡಿಕೊಳ್ಳುವ ಅವರ ಅಭ್ಯಾಸವನ್ನು ಊರಿನ ಹಿರಿಯರು ಆಕ್ಷೇಪಿಸಿದ್ದುಂಟು. ಕ್ಷೌರವು ಮೈಲಿಗೆಯಾದುದರಿಂದ ಅದು ಸ್ನಾನಕ್ಕೆ ಮೊದಲೇ ಮುಗಿಯಬೇಕು ಎಂಬುದು ಅವರ ತಿಳಿವಳಿಕೆ. ಊರನ್ನು ಪರೀಕ್ಷಿಸಲು ಬಂದವರ ಬ್ರಾಹ್ಮಣ್ಯವನ್ನೇ ಊರು ಪರೀಕ್ಷಿಸುತ್ತಿತ್ತು. ಪಟೇಲರ ಆಶ್ರಯವು ಅವರಿಗೆ ಎಷ್ಟು ಬಾಗಿಲುಗಳನ್ನು ತೆರೆಯಿತೋ, ದಲಿತರ ಕೇರಿ ಮತ್ತು ಹೆಂಗಸರ ಲೋಕದ ಬಾಗಿಲುಗಳನ್ನು ಅಷ್ಟೇ ಬಿಗಿಯಾಗಿ ಮುಚ್ಚಿತು. 1970ರ ಏಪ್ರಿಲಿನಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ, ವರ್ಷಗಟ್ಟಲೆ ಪರಿಷ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಆಹುತಿಯಾದ ಬಳಿಕ, ನೆನಪನ್ನೇ ಹೆಚ್ಚಾಗಿ ನೆಚ್ಚಿ ಬರೆದು 1976ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಅವರು ಈ ಮಿತಿಯನ್ನು ಮುಚ್ಚಿಡಲಿಲ್ಲ. ಸಂಶೋಧಕನು ತನ್ನ ಜಾತಿ, ಲಿಂಗ, ಸ್ಥಾನಗಳು ತನ್ನ ನೋಟವನ್ನು ಹೇಗೆ ರೂಪಿಸಿದವೆಂದು ಶೋಧಿಸಿಕೊಳ್ಳುವುದಕ್ಕೆ ಇಂದಿನ ಸಮಾಜಶಾಸ್ತ್ರವು ಸ್ವವಿಮರ್ಶೆ ಎನ್ನುತ್ತದೆ. ಆದರೆ ಮಿತಿಯನ್ನು ಒಪ್ಪಿಕೊಂಡ ಮಾತ್ರಕ್ಕೆ ಕೇಳದೆ ಹೋದ ದನಿಗಳು ಪುಟಗಳೊಳಗೆ ಬರುವುದಿಲ್ಲ.

ಆ ಕೃತಿಯಲ್ಲಿ ಕೊಡಗಹಳ್ಳಿಯು ರಾಂಪುರವಾಯಿತು. ಮಾಹಿತಿ ಕೊಟ್ಟವರಿಗೆ ತೊಂದರೆಯಾಗದಿರಲೆಂದು ಇಡುವ ಇಂಥ ಗುಪ್ತನಾಮವು ಹೊರಗಿನ ಓದುಗರಿಗೆ ಮರೆಯಾದರೂ, ಪಟೇಲರು ಯಾರೆಂಬುದು ಊರಿನವರಿಗೆ ಗೊತ್ತಾಗದೆ ಇರುವುದುಂಟೇ? ದೇವನಹಳ್ಳಿಯ ವಿಮಾನ ನಿಲ್ದಾಣವು 2008ರಲ್ಲಿ ಆರಂಭವಾದ ಮೇಲೆ ಹೊಲಗಳು ಬಡಾವಣೆಗಳಾಗುತ್ತಿರುವ ಬಾಗಲೂರಿನ ಸುತ್ತಮುತ್ತ ಈ ತೊಡಕು ಇನ್ನೂ ತೀಕ್ಷ್ಣವಾಗುತ್ತದೆ, ಏಕೆಂದರೆ ಜಮೀನು ಪಾಲಾದ ಮನೆಯೊಂದರ ಹೆಸರು ಬದಲಿಸಿದರೂ, ಯಾವ ಕೆರೆಯ ಪಕ್ಕದ ಎಷ್ಟು ಗುಂಟೆ ಎಂದು ಬರೆದೊಡನೆ ದಾಯಾದಿಗಳಿಗೆ ಗುರುತು ಸಿಕ್ಕಿಬಿಡುತ್ತದೆ.

ನೆರವಾದವರ ಹೆಸರನ್ನು ಮರೆಮಾಡುವಷ್ಟೇ ಕಠಿಣವಾದುದು ಅವರಿಗೆ ಸಲ್ಲಬೇಕಾದ ಹೆಸರನ್ನು ಸಲ್ಲಿಸುವುದು. 1954ರಿಂದ ಮಂಡ್ಯ ಸೀಮೆಯ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದ ಸ್ಕಾರ್ಲೆಟ್ ಎಪ್‌ಸ್ಟೈನ್ ಅವರ ಮೊದಲ ಪುಸ್ತಕವು 1962ರಲ್ಲಿ ಅವರೊಬ್ಬರ ಹೆಸರಿನಲ್ಲೇ ಬಂದಿತು. ಅದೇ ಹಳ್ಳಿಗಳ ನಾಲ್ಕು ದಶಕಗಳ ಬದಲಾವಣೆಯನ್ನು ಕುರಿತ 1998ರ ಪುಸ್ತಕದಲ್ಲಿ, ಅವರ ಸಂಶೋಧನಾ ಸಹಾಯಕರಾಗಿದ್ದ ಎ.ಪಿ. ಸೂರ್ಯನಾರಾಯಣ ಅವರೊಂದಿಗೆ ಟಿ. ತಿಮ್ಮೇಗೌಡ ಅವರೂ ಸಹಲೇಖಕರಾಗಿದ್ದಾರೆ.