ದೌಂಡ: ಹನ್ನೆರಡೋ, ನಾಲ್ಕೋ, ಎರಡೋ?

ಬೆಂಗಳೂರಿನಿಂದ ಮುಂಬೈಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಸೊಲ್ಲಾಪುರ ದಾಟಿ, ಪುಣೆ ಮುಟ್ಟುವ ಮೊದಲು ದೌಂಡ ಜಂಕ್ಷನ್ ಹಾಯುತ್ತದೆ. ಈ ಊರಿನ ಹೆಸರಿನಲ್ಲಿ ಎಷ್ಟು ಅಕ್ಷರ? ಶಾಲೆಯ ಮಗು ಎರಡು ಎನ್ನುತ್ತದೆ: ದೌಂ, ಡ. ಆಕ್ ಎಂಬ ಪುಟ್ಟ ತಂತ್ರಾಂಶ ಬಹುಕಾಲ ಹನ್ನೆರಡು ಎನ್ನುತ್ತಿತ್ತು.

ಆಕ್ ಹುಟ್ಟಿದ್ದು 1977ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಆಹೋ, ವೈನ್‌ಬರ್ಗರ್, ಕರ್ನಿಘನ್ ಎಂಬ ಮೂವರ ಹೆಸರುಗಳ ಮೊದಲಕ್ಷರ ಸೇರಿ ಅದರ ಹೆಸರಾಯಿತು. ಕಡತವನ್ನು ಸಾಲುಸಾಲಾಗಿ ಓದುವುದು, ಸಾಲನ್ನು ತುಂಡು ಮಾಡುವುದು, ಹೇಳಿದ ಮಾದರಿ ಸಿಕ್ಕಲ್ಲಿ ಹೇಳಿದ ಕೆಲಸ ಮಾಡುವುದು: ಇಷ್ಟೇ ಅದರ ವಿದ್ಯೆ. ಒಂದು ಹೆಸರು, ಅದರ ಮುಂದೆ ಅದರ ಅರ್ಥ ಎಂಬಂತೆ ಬರೆದಿಟ್ಟ ವ್ಯಾಖ್ಯೆ ಕಡತಗಳಿಗೆ ಇದು ಹೇಳಿ ಮಾಡಿಸಿದ್ದು. ಆದರೆ ಅದು ಎಣಿಸುತ್ತಿದ್ದುದು ಬೈಟ್‌ಗಳನ್ನು. ಇಂಗ್ಲಿಷಿನಲ್ಲಿ ಅಕ್ಷರಕ್ಕೊಂದು ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ದ, ಔಕಾರದ ಚಿಹ್ನೆ, ಸೊನ್ನೆ, ಡ ಎಂಬ ನಾಲ್ಕು ಸಂಕೇತಗಳಿಗೆ ಹನ್ನೆರಡು. 2022ರಲ್ಲಿ, ಎಂಬತ್ತರ ವಯಸ್ಸಿನ ಕರ್ನಿಘನ್ ಮೂಲ ಆಕ್‌ಗೆ ಯೂನಿಕೋಡ್ ಕಲಿಸಿದರು. ಈಗ ಅದು ನಾಲ್ಕು ಎನ್ನುತ್ತದೆ.

ಎರಡಕ್ಕೆ ಇನ್ನೂ ಬಂದಿಲ್ಲ. ಏಕೆಂಬುದು ಲಿನಕ್ಸ್‌ನ ಕೀಲಿಮಣೆ ಕಡತ ನೋಡಿದರೆ ತಿಳಿಯುತ್ತದೆ. ಅದರಲ್ಲಿ ಕಗಪ ವಿನ್ಯಾಸಕ್ಕೊಂದು ಭಾಗವಿದೆ: ಸಾಲಿಗೊಂದು ಕೀಲಿ, ಅದರ ಮುಂದೆ ಯೂನಿಕೋಡ್ ಸಂಖ್ಯೆಗಳು. ಆಕ್ ಅದನ್ನು ಕ್ಷಣದಲ್ಲಿ ಕೋಷ್ಟಕ ಮಾಡಿಕೊಡುತ್ತದೆ. ಆದರೆ ಆ ಕೋಷ್ಟಕದಲ್ಲಿ ಸ್ವರಕ್ಕೂ ಅದರ ಚಿಹ್ನೆಗೂ ಬೇರೆ ಬೇರೆ ಜಾಗ. ಯಾವುದು ಬೇಕೆಂದು ಬರೆಯುವವರೇ ಆರಿಸಬೇಕು. ಕೆ.ಪಿ. ರಾವ್ ರೂಪಿಸಿ, ನುಡಿ ತಂತ್ರಾಂಶದಿಂದ ಮನೆಮಾತಾದ ವಿನ್ಯಾಸದ ಜಾಣ್ಮೆ ಬೇರೆಯದೇ. ಅಲ್ಲಿ ಒಂದೇ ಕೀಲಿ ಪದದ ಮೊದಲಲ್ಲಿ ಔ ಆಗುತ್ತದೆ, ವ್ಯಂಜನದ ಬೆನ್ನಿಗೆ ಬಂದರೆ ದೌ ಆಗಿ ಕೂಡಿಕೊಳ್ಳುತ್ತದೆ. ವ್ಯಂಜನಕ್ಕೆ ಸ್ವರ ಸೇರಿ ಗುಣಿತಾಕ್ಷರವಾಗುವ ಈ ನಿಯಮ ಹದಿಮೂರನೆಯ ಶತಮಾನದ ಕೇಶಿರಾಜನಿಗೂ ಗೊತ್ತಿದ್ದದ್ದು.

ಅಂದರೆ ಕಡತ ಉಳಿಸಿಕೊಂಡದ್ದು ಪಟ್ಟಿಯನ್ನು, ನಿಯಮವನ್ನಲ್ಲ. ನಿಘಂಟು, ಹುಡುಕಾಟ, ಕಾಗುಣಿತ ತಿದ್ದುವ ಸಾಧನ ಎಲ್ಲವೂ ಇಂಥ ಪಟ್ಟಿಗಳ ಮೇಲೆಯೇ ನಿಂತಿವೆ. ಅಕ್ಷರದ ನಡುವೆ ಕತ್ತರಿಸಿದರೆ ಸೊನ್ನೆಯೊಂದು ಅನಾಥವಾಗಿ ಸಾಲಿನ ತುದಿಯಲ್ಲಿ ಬೀಳುತ್ತದೆ. ಯಂತ್ರಕ್ಕೆ ಅದು ತಪ್ಪೆಂದು ತೋರುವುದೇ ಇಲ್ಲ. ಕನ್ನಡದ ಕಡತ ಓದುವ ಸ್ಕ್ರಿಪ್ಟ್ ಬರೆಯುವವರು ಪಟ್ಟಿಯ ಜೊತೆಗೆ ಕಾಗುಣಿತವನ್ನೂ ಬರೆದುಕೊಡಬೇಕು.